ಜಡೆಯಕ್ಕನ ತಲೆಯೊಳಗಿನ ಜಾಲರಿ

ಹೂಚಕ್ರದ ಹಿಂಬದಿಗೆ ಬೆರಳು ತೂರಿಸಿ ಅವಳು ಒಂದೊಂದೇ ಗಂಟನ್ನು ಎಳೆದು ನೋಡುತ್ತಿದ್ದಳು.

"ಇಲ್ಲೂ ಶುರು ಮಾಡಿದ್ರಾ?" ಪಕ್ಕದಲ್ಲಿದ್ದ ಪ್ಯಾಕಿಂಗ್‌ನವಳು ಪಿಸುಗುಟ್ಟಿದಳು. "ಸತ್ತೋರ ಹೂವಲ್ಲೂ ತಪ್ಪು ಹುಡುಕ್ತೀರಲ್ಲ ಅಕ್ಕ."

"ಗಂಟು ಸಡಿಲ ಇದೆ. ಗಾಡಿ ಹತ್ತಿಸೋವಾಗ ಉದುರುತ್ತೆ. ಆಮೇಲೆ ಆಡ್ಕೊಳ್ಳೋರೂ ನೀವೇ."

ಕಾರ್ಖಾನೆಯಲ್ಲಿ ಅವಳಿಗೆ ಭೂತಕನ್ನಡಿ ಅಂತಲೇ ಹೆಸರು. ಮೊಸರಲ್ಲಿ ಕಲ್ಲು ಹುಡುಕುವುದೇ ಅವಳ ಕೆಲಸ, ಅದಕ್ಕೇ ಸಂಬಳ. ಆದರೆ ಇವತ್ತು ಅವಳ ಕಣ್ಣಿಗೆ ಚುಚ್ಚಿದ್ದು ಗಂಟಲ್ಲ, ಹೂಚಕ್ರದ ಪಟ್ಟಿಯ ಮೇಲಿನ ಅಕ್ಷರ: 'ನಮ್ಮ ಕಾರ್ಖಾನೆಯ ಹೆಮ್ಮೆಗೆ'. ಆ ಹೆಮ್ಮೆ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿತ್ತು. ಎಲ್ಲರ ಬಾಯಲ್ಲಿ ಅವಳ ಹೆಸರು ಜಡೆಯಕ್ಕ.

ಮಿದುಳಿನ ರಕ್ತನಾಳ ಒಂದು ಕಡೆ ತೆಳುವಾಗಿ ಬಲೂನಿನಂತೆ ಉಬ್ಬಿದರೆ ಒಳಗೆ ಕೂರಿಸುವ ಸ್ಟೆಂಟು ಅವರ ಕಾರ್ಖಾನೆಯ ಸರಕು. ಅದರಲ್ಲಿ ಎರಡು ಬಗೆ. ಕೂದಲಿಗಿಂತ ಸಣ್ಣ ತಂತಿಗಳನ್ನು ಒತ್ತೊತ್ತಾಗಿ ಹೆಣೆದ ಕೊಳವೆ ಒಂದು. ಅದು ರಕ್ತವನ್ನು ನೆಟ್ಟಗೆ ಮುಂದಕ್ಕೆ ಸಾಗಿಸುತ್ತದೆ, ಉಬ್ಬು ತಾನಾಗಿಯೇ ಬತ್ತುತ್ತದೆ. ಅದನ್ನು ಹೆಣೆಯುತ್ತಿದ್ದವಳು ಜಡೆಯಕ್ಕ. ಇನ್ನೊಂದನ್ನು ಲೇಸರಿನಲ್ಲಿ ಜಾಲರಿಯಾಗಿ ಕೊರೆಯುತ್ತಾರೆ. ಉಬ್ಬಿನೊಳಗೆ ತುಂಬಿದ ತಂತಿಸುರುಳಿ ಹೊರಗೆ ಜಾರದಂತೆ ತಡೆದು ನಿಲ್ಲುವುದು ಅದರ ಕೆಲಸ. ಅದರ ಅಂಚನ್ನು ನಯಮಾಡಿ, ಮಸೂರದಡಿ ಇಟ್ಟು ನೋಡಿ ಕಳಿಸುವವಳು ಭೂತಕನ್ನಡಿ. ಕಾರ್ಖಾನೆ ನೋಡಲು ಬಂದವರೆಲ್ಲ ಹೆಣಿಗೆಯ ಮೇಜಿನ ಮುಂದೆ ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದರು. ಇವಳ ಮೇಜಿಗೆ ಬಂದ ಒಬ್ಬ, "ಇದು ಮೆಷಿನ್ನೇ ಮಾಡುತ್ತಲ್ವಾ?" ಅಂದು ಮುಂದೆ ಹೋಗಿದ್ದ. ಆ ಮಾತು ಇಪ್ಪತ್ತು ವರ್ಷವಾದರೂ ಅವಳ ಹೊಟ್ಟೆಯಲ್ಲಿ ಆರಿರಲಿಲ್ಲ.

ಜಡೆಯಕ್ಕನ ಗಂಡ ಹತ್ತಿರ ಬಂದರು. ಬಸ್ ಓಡಿಸಿ ನಿವೃತ್ತರಾದವರು. ಕಾರ್ಖಾನೆಯವರ ಮುಖ ಅವರಿಗೆ ಗೊತ್ತಿಲ್ಲ.

"ಎದೆ ಹಿಡ್ಕೊಂಡು ಕೂತ್ಲಮ್ಮ, ಅಷ್ಟೇ, ಹೋಗ್ಬಿಟ್ಲು. ತಲೆಗೆ ಏನಾದ್ರೂ ಆಗುತ್ತೆ ಅಂತ ನಾವು ಹೆದರ್ತಿದ್ವಿ. ಅದು ಗಟ್ಟಿಯಾಗೇ ಇತ್ತು."

"ತಲೆಗಾ?"

"ಕಾರ್ಖಾನೇಲಿ ಯಾರಿಗೂ ಹೇಳಿರ್ಲಿಲ್ವಾ ಅವಳು? ಐದು ವರ್ಷದ ಹಿಂದೆ ತಲೇಲಿ ಸ್ಟೆಂಟ್ ಹಾಕಿದ್ರು. ತಂಗಿ ಮಗಳ ಬಾಣಂತನ ಅಂತ ರಜಾ ಹಾಕಿದ್ಲಲ್ಲ, ಆವಾಗ."

ಅಯ್ಯೋ ಪಾಪ ಅನ್ನಬೇಕಿತ್ತು. ಅವಳ ಬಾಯಿಂದ ಬಂದದ್ದು ಬೇರೆಯೇ. "ಯಾವುದು ಹಾಕಿದ್ರು? ಹೆಣೆದಿದ್ದಾ, ಕೊರೆದಿದ್ದಾ?"

"ನನಗೇನು ಗೊತ್ತಾಗುತ್ತಮ್ಮ. ಆಸ್ಪತ್ರೇಲಿ ಕೊಟ್ಟ ಕಾರ್ಡಿದೆ, ತಾಳಿ," ಎಂದು ಅವರು ಒಳಗೆ ಹೋದರು.

ತನ್ನದನ್ನೇ ಹಾಕಿಸಿಕೊಂಡಿರುತ್ತಾಳೆ, ಇನ್ನೇನು. ಹೆಣದ ಮುಂದೆ ನಿಂತು ಹೊಟ್ಟೆ ಉರಿಯುತ್ತಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದ ಮಾತ್ರಕ್ಕೆ ಉರಿ ಕಮ್ಮಿಯಾಗಲಿಲ್ಲ.

* * *

ಏಳು ವರ್ಷದ ಹಿಂದಿನ ಮಾತು. ಒಂದು ವಿಭಾಗದಲ್ಲಿ ತಯಾರಾದ ಸ್ಟೆಂಟುಗಳ ತಟ್ಟೆಯನ್ನು ಕೊನೆಯಲ್ಲಿ ಇನ್ನೊಂದು ವಿಭಾಗದವರು ನೋಡಿ ಮುದ್ರೆ ಒತ್ತಬೇಕೆಂಬುದು ಅಲ್ಲಿಯ ನಿಯಮ. ವರ್ಷದ ಅತ್ಯುತ್ತಮ ಕೆಲಸಗಾರ್ತಿ ಎಂದು ಜಡೆಯಕ್ಕನ ಫೋಟೊ ಕಾರ್ಖಾನೆಯ ಗೋಡೆಗೇರಿದ ದಿನವೇ ಅವಳ ಹನ್ನೊಂದು ಕೊಳವೆಗಳ ತಟ್ಟೆ ಭೂತಕನ್ನಡಿಯ ಮುಂದೆ ಬಂತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮೂರು ಸಲ ನೋಡಿದಳು. ಎಲ್ಲೂ ಕುಂದಿಲ್ಲ. 'ಎಳೆ ತಪ್ಪಿದೆ' ಎಂದು ಬರೆದು ಕೆಂಪು ಮುದ್ರೆ ಒತ್ತಿದಳು.

ಜಡೆಯಕ್ಕ ಬಂದು ಮಸೂರದಲ್ಲಿ ಕಣ್ಣಿಟ್ಟಳು. ತುಂಬ ಹೊತ್ತು ನೋಡಿ ತಲೆಯೆತ್ತಿದವಳು ಇವಳ ಮುಖವನ್ನೂ ಅಷ್ಟೇ ಹೊತ್ತು ನೋಡಿದಳು.

"ಆಯ್ತು ಬಿಡಮ್ಮ. ಮತ್ತೆ ಹೆಣೀತೀನಿ."

ಒಂಬತ್ತು ದಿನ ಕತ್ತು ಬಗ್ಗಿಸಿ ಕೂತು ಹೆಣೆದಳು. ತಿರಸ್ಕಾರವಾದದ್ದು ಪುಡಿಯಾಗಲು ಹೋಗಬೇಕು. ಹತ್ತು ಹೋದವು. ಒಂದನ್ನು ಭೂತಕನ್ನಡಿ ತನ್ನ ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟಳು. ಎಂದಾದರೂ ಒಂದು ತಪ್ಪು ಸಿಕ್ಕರೆ ತಾನು ಮಾಡಿದ್ದು ಸರಿಯಾಗುತ್ತದೆ ಎಂಬ ಆಸೆ. ಅಂದಿನಿಂದ ಹುಡುಕುತ್ತಲೇ ಇದ್ದಳು.

* * *

ಕಾರ್ಡು ಬಂತು. ಬಗೆ: ಕೊರೆದದ್ದು. ಕೆಳಗೆ ತಯಾರಿಕೆಯ ಸಂಖ್ಯೆ. ಅದರ ಕೊನೆಯ ಎರಡು ಅಂಕಿ ಮೇಜಿನದು. ಅದು ಅವಳದೇ ಮೇಜು.

ನೆಟ್ಟಗೆ ಖುಷಿಪಡಲೂ ಅವಳಿಗೆ ಬರಲಿಲ್ಲ. "ನಾಳ ಕವಲೊಡೆಯೋ ಜಾಗದಲ್ಲಿ ಉಬ್ಬಿತ್ತೇನೋ," ಅಂದಳು. "ಅಲ್ಲಿಗೆ ಹೆಣೆದದ್ದು ಅಷ್ಟು ಹೊಂದಲ್ಲ. ಬೇರೆ ದಾರಿ ಇರ್ಲಿಲ್ಲ, ಅದಕ್ಕೇ."

"ಹೂಂ, ಡಾಕ್ಟ್ರೂ ಕವಲು ಅಂತಾನೇ ಅಂದ್ರು. ಆದ್ರೆ ಅದೇ ಅಳತೇದು ಮೂರು ಡಬ್ಬಿ ಇತ್ತು. ಇವಳು ಕನ್ನಡಕ ಹಾಕ್ಕೊಂಡು ನಂಬರ್ ಓದಿ, ಇದೇ ಆಗ್ಬೇಕು ಅಂತ ಹಟ ಹಿಡಿದ್ಲು. ಡಾಕ್ಟ್ರು ನಕ್ಕು ಒಪ್ಕೊಂಡ್ರು."

"ಯಾಕೆ?"

"ನಾನೂ ಅದನ್ನೇ ಕೇಳ್ದೆ. 'ಆ ಮೇಜಿನವಳಿಗೆ ನನ್ನ ಕಂಡ್ರೆ ಆಗಲ್ಲ ಕಣ್ರೀ. ನಾನು ಎಲ್ಲಿ ತಪ್ಪು ಹಿಡೀತೀನೋ ಅನ್ನೋ ಭಯಕ್ಕೆ ಅವಳು ಕೂದಲೆಳೆಯಷ್ಟೂ ತಪ್ಪು ಬಿಡಲ್ಲ. ಬೇರೆಯವರ ಪ್ರೀತಿಗಿಂತ ಅವಳ ಹೊಟ್ಟೆಕಿಚ್ಚನ್ನ ನಂಬಬಹುದು' ಅಂದ್ಲು." ಅವರು ಅಳುತ್ತಲೇ ನಕ್ಕರು. "ಐದು ವರ್ಷ ತಲೆನೋವು ಅನ್ಲಿಲ್ಲಮ್ಮ. ಆ ಮೇಜಿನವರು ಬಂದಿದಾರಾ? ಒಂದು ಕೈ ಮುಗೀಬೇಕಿತ್ತು."

ಇಪ್ಪತ್ತು ವರ್ಷ ಕಾದ ಮೆಚ್ಚುಗೆ ಕೊನೆಗೂ ಅವಳನ್ನು ಹುಡುಕಿಕೊಂಡು ಬಂದಿತ್ತು. ಅವಳ ಕೈ ಕನ್ನಡಕದ ಡಬ್ಬಿಯ ಮೇಲಿತ್ತು.

"ಇಲ್ಲ," ಅಂದಳು. "ಬಂದ ಹಾಗೆ ಕಾಣೆ."

ಹೊರಗೆ ಗಾಡಿ ಬಂದು ನಿಂತಿತು. ಎಲ್ಲರೂ ಎದ್ದರು. ಅವಳು ಹೂಚಕ್ರ ಸರಿಪಡಿಸುವ ನೆವದಲ್ಲಿ ಹೆಣದ ಬಳಿ ಬಗ್ಗಿ, ಡಬ್ಬಿಯಿಂದ ಕೊಳವೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಅಭ್ಯಾಸ, ಬಿಡಬೇಕಲ್ಲ.

"ಏನಕ್ಕ, ಮತ್ತೆ ತಪ್ಪು ಸಿಕ್ತಾ?" ಎಂದಳು ಪ್ಯಾಕಿಂಗ್‌ನವಳು ಹಿಂದಿನಿಂದ.

"ಇಲ್ಲ ಕಣೆ. ಒಂದೂ ಇಲ್ಲ."

ಎರಡು ಬೆರಳ ನಡುವೆ ಅದನ್ನು ಚಪ್ಪಟೆಯಾಗುವಷ್ಟು ಒತ್ತಿ ಹಿಡಿದಳು. ಆಮೇಲೆ ಜಡೆಯಕ್ಕನ ತಣ್ಣನೆಯ ಅಂಗೈಯಲ್ಲಿಟ್ಟು ಬೆರಳು ಸಡಿಲಿಸಿದಳು. ಕೊಳವೆ ಮೆಲ್ಲಗೆ ಉಬ್ಬಿ, ಮೊದಲಿನಂತೆಯೇ ದುಂಡಗಾಗಿ ನಿಂತಿತು.