ಎದೆ ಹೇಳದ ಸಾಕ್ಷಿ

ಆ ಹೊಲಿಗೆ ಅಂಗಡಿಯಲ್ಲಿ ದೊಡ್ಡ ಕತ್ತರಿ ಯಾರ ಕೈಯಲ್ಲಿದೆಯೋ ರಾಜ್ಯ ಅವರದು. ಮೊದಲಿನಿಂದಲೂ ಅದು ಹಿರಿಯ ಸೊಸೆಯ ಕೈಯಲ್ಲಿತ್ತು. ಕಿರಿಯ ಸೊಸೆ ಬಂದ ವರ್ಷವೇ ಒಂದು ಕೋಟು ಕತ್ತರಿಸಿ ಹೊಲಿದಳು. ಗಿರಾಕಿ ಕನ್ನಡಿಯ ಮುಂದೆ ನಿಂತು ಹೆಗಲು ಸವರಿಕೊಂಡು, "ಇನ್ನು ನನ್ನ ಬಟ್ಟೆಗೆ ಈಯಮ್ಮನ ಕೈಯೇ ಆಗಬೇಕು" ಎಂದ. ಹಿರಿಯವಳ ಹೊಟ್ಟೆಯಲ್ಲಿ ಕೆಂಡ ಬಿತ್ತು. ಅದೇ ಸಂಜೆ ಅವಳ ಎದೆ ಲಯ ತಪ್ಪಿತು. ಡಬಡಬ ಓಡಿತು, ತಡವರಿಸಿತು, ಮತ್ತೆ ಎಡವುತ್ತ ಓಡಿತು.

ಆಗಿನ ಹಳೆಯ ಡಾಕ್ಟರು ನಾಡಿ ಹಿಡಿದು, "ಮನಸ್ಸಿಗೆ ನೋವಾಗದ ಹಾಗೆ ನೋಡಿಕೊಳ್ಳಿ" ಎಂದಿದ್ದರು. ಅಷ್ಟು ಸಾಕಾಯಿತು. ಅತ್ತೆ ಕಿರಿಯವಳ ಕೈಯಿಂದ ಕತ್ತರಿ ತೆಗೆದು ಗುಂಡಿಯ ಡಬ್ಬಿ ಕೊಟ್ಟರು. ಅಲ್ಲಿಂದಾಚೆಗೆ ಕಾಜ, ಗುಂಡಿ, ಅಂಚು ಮಡಿಸುವುದು, ಇಷ್ಟೇ ಅವಳ ಪಾಲು. ಯಾರಾದರೂ ಅವಳನ್ನು ಹೊಗಳಲು ಬಾಯಿ ತೆರೆದರೆ ಹಿರಿಯವಳ ಕೈ ಎದೆಗೆ ಹೋಗುತ್ತಿತ್ತು. ಹೊಗಳಿಕೆ ಬಾಯಲ್ಲೇ ಉಳಿಯುತ್ತಿತ್ತು. ನಾಟಕವೆನ್ನುವಂತಿರಲಿಲ್ಲ, ಕಾಯಿಲೆ ನಿಜವೇ. ಆದರೆ ಎದೆ ಮೊದಲು ತಪ್ಪಿತೋ ಕೈ ಮೊದಲು ಹೋಯಿತೋ, ಅದನ್ನು ಅವಳೂ ವಿಚಾರಿಸಿದವಳಲ್ಲ.

ವರ್ಷಗಳು ಕಳೆದು, ಅವಳು ಪರೀಕ್ಷೆಗಳ ಫಲಿತಾಂಶ ಕೇಳಲು ಹೊಸ ಆಸ್ಪತ್ರೆಗೆ ಹೊರಟಾಗ ಜೊತೆಗೆ ಹೋಗಲು ಬಿಡುವಿದ್ದವಳು ಕಿರಿಯವಳೊಬ್ಬಳೇ. ಗುಂಡಿ ಹಚ್ಚುವವಳಿಗೆ ಅಂಥ ಅವಸರವೇನು!

ಅಲ್ಲಿನ ಡಾಕ್ಟರಮ್ಮ ಗೋಡೆಯ ಮೇಲಿದ್ದ ಹೃದಯದ ಚಿತ್ರ ತೋರಿಸಿದರು.

"ಹಿಂದೆ ನಮ್ಮ ಡಾಕ್ಟರುಗಳು, ಹೃದಯದ ಈ ಮೇಲಿನ ಕೋಣೆ ತುಂಬಾ ವಿದ್ಯುತ್ತಿನ ಅಲೆಗಳು ದಿಕ್ಕುಗೆಟ್ಟು ಸುತ್ತುತ್ತವೆ ಅಂತಿದ್ರು. ಆಮೇಲೆ ಗೊತ್ತಾಯ್ತು, ಶ್ವಾಸಕೋಶದಿಂದ ರಕ್ತ ತರೋ ನಾಳಗಳಿವೆಯಲ್ಲ, ಎಷ್ಟೋ ಜನರಲ್ಲಿ ಅವುಗಳ ಬಾಯಲ್ಲೇ ಮೊದಲ ಕಿಡಿ ಹುಟ್ಟುತ್ತೆ ಅಂತ. ಈಗ ಇನ್ನೂ ಹಿಂದಕ್ಕೆ ಹೋಗಿ ಕೇಳ್ತಿದೀವಿ, ಆ ಕಿಡಿ ಹತ್ಕೊಳ್ಳೋ ಹಾಗೆ ಮಾಡಿದ್ದೇನು? ರಕ್ತದೊತ್ತಡ, ತೂಕ, ನಿದ್ದೆಯಲ್ಲಿ ಉಸಿರು ಕಟ್ಟೋದು... ನೀವು ಗೊರಕೆ ಹೊಡೀತೀರಾ?"

"ಛೆ ಛೆ, ಇಲ್ಲಮ್ಮ!"

ಕಿರಿಯವಳು ಕಿಟಕಿಯ ಕಡೆ ತಿರುಗಿದಳು.

"ಮೊನ್ನೆ ಇಲ್ಲಿ ಮಲಗಿಸಿ ಮಾಡಿದ ನಿದ್ದೆ ಪರೀಕ್ಷೆಯಲ್ಲಿ ಎಲ್ಲಾ ಗೊತ್ತಾಗಿದೆ ಬಿಡಿ. ಉಸಿರು ಪದೇ ಪದೇ ನಿಂತಿದೆ."

"ಮತ್ತೆ ಮನಸ್ಸಿನ ನೋವು?"

"ಸಿಟ್ಟು, ಸಂಕಟ ಕೆಲವೊಮ್ಮೆ ಕೆಣಕುತ್ತವೆ. ಆದರೆ ನಿಮ್ಮ ಕಾಯಿಲೆಯ ಬೇರು ಅಲ್ಲಿಲ್ಲ."

"ನಾಳೆ ಈ ಮಾತೂ ಬದಲಾದ್ರೆ?" ಹಿರಿಯವಳ ದನಿಯಲ್ಲಿ ಆಸೆಯಿತ್ತು.

"ಬದಲಾಗಬಹುದು. ಆಗ ಬನ್ನಿ, ಹೊಸದು ಹೇಳ್ತೀನಿ. ಸದ್ಯಕ್ಕೆ ಮಾತ್ರೆ ಬಿಡಬೇಡಿ, ತೂಕ ಇಳಿಸಿ, ಮಲಗುವಾಗ ಉಸಿರಿನ ಯಂತ್ರ ಹಾಕಿಕೊಳ್ಳಿ."

ದಾರಿಯುದ್ದಕ್ಕೂ ಹಿರಿಯವಳು ಒಂದು ಚುಚ್ಚುಮಾತಿಗಾಗಿ ಕಾದಳು. ಬರಲಿಲ್ಲ. ಕೊನೆಗೆ ತಾನೇ ಕೆದಕಿದಳು: "ಏನೂ ಹೇಳೋಕಿಲ್ವೇನೇ?"

"ಬಿಸಿಲು ಜೋರಾಗಿದೆ ಅಕ್ಕಾ, ಈ ಕಡೆ ನೆರಳಿಗೆ ಬನ್ನಿ."

ಬೈದಿದ್ದರೆ ಜಗಳವಾಡಬಹುದಿತ್ತು. ಕೈಚಳಕ ಸಾಲದೆಂದು ಒಳ್ಳೆಯತನವನ್ನೂ ದೇವರು ಇವಳ ಮಡಿಲಿಗೇ ಸುರಿಯಬೇಕೆ!

ಅಂಗಡಿಯಲ್ಲಿ ಅತ್ತೆ ಇಸ್ತ್ರಿ ಹಾಕುತ್ತಿದ್ದರು. "ಏನಂದ್ರು? ಈ ಸಲ ಯಾರು ನೋಯಿಸಿದ್ರಂತೆ?" ಎಂದು ಕಿರಿಯವಳನ್ನೇ ನೋಡಿದರು.

"ಅಕ್ಕನೇ ಹೇಳ್ತಾರೆ ಅತ್ತೆ." ಅವಳು ಗುಂಡಿಯ ಡಬ್ಬಿ ತೆಗೆದುಕೊಂಡು ಮೂಲೆಗೆ ಹೋದಳು.

ಹಿರಿಯವಳು ಒಂದು ಸುಳ್ಳು ಹೇಳಿದರೆ ಸಾಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅದೇ ಕೋಟಿನ ಗಿರಾಕಿ; ತಲೆ ನರೆತಿದೆ, ಕಂಕುಳಲ್ಲಿ ಬಟ್ಟೆಯ ಗಂಟು. "ಆ ಕೋಟು ಇನ್ನೂ ಹಾಗೇ ಮೈಗೆ ಕೂತಿದೆಯಮ್ಮ. ಮಗಳಿಗೊಂದು ಬೇಕು. ಆವತ್ತಿನ ಕೈಯೇ ಆಗಬೇಕು."

ಹಿರಿಯವಳ ಕೈ ಎದೆಗೆ ಹೋಯಿತು. ಅತ್ತೆಯ ಇಸ್ತ್ರಿ ಪೆಟ್ಟಿಗೆ ಗಾಳಿಯಲ್ಲೇ ನಿಂತಿತು. ಹೊಟ್ಟೆಯ ಕೆಂಡ ಎಂದಿನಂತೆಯೇ ನಿಗಿನಿಗಿ. ಆದರೆ ಅಂಗೈ ಕೆಳಗೆ? ಸಮನಾಗಿ, ಒಂದು ಹೆಜ್ಜೆಯೂ ತಪ್ಪದೆ, ನೇರ ಹೊಲಿಗೆಯ ಹಾಗೆ ಬಡಿಯುತ್ತಿದೆ ಹಾಳಾದ ಎದೆ. ಅವಳು ಕಣ್ಣು ಮುಚ್ಚಿದಳು. ಈ ತಪ್ಪು ಬಡಿತ ನಿಲ್ಲಿಸಪ್ಪಾ ಎಂದು ಇಷ್ಟು ವರ್ಷ ಬೇಡಿದವಳು, 'ಭಗವಂತಾ, ಒಂದೇ ಒಂದು ಸಲ ತಪ್ಪಿಸು' ಎಂದು ಬೇಡಿದಳು. ಭಗವಂತ ಇಂಥದ್ದಕ್ಕೆಲ್ಲ ಕಿವಿಗೊಡುವವನಲ್ಲ.

ಕೈ ಕೆಳಗಿಳಿಯಿತು.

"ಗೊರಕೆಯಿಂದ ಅಂತೆ ಅತ್ತೆ."

"ಗೊರಕೆನಾ? ಯಾರದೇ?"

"ಇನ್ಯಾರದು, ನಂದೇ!"

ಮೂಲೆಯಲ್ಲಿ ಗುಂಡಿಗಳು ಚೆಲ್ಲಿದವು. ಕಿರಿಯವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ನಕ್ಕರೆ ಜೋಕೆ," ಎಂದು ಹಿರಿಯವಳು ದೊಡ್ಡ ಕತ್ತರಿಯನ್ನು ಮೇಜಿನ ಮೇಲೆ ಅವಳ ಕಡೆ ತಳ್ಳಿದಳು. "ತಗೋ. ಹೆಗಲು ಒಂದು ನೂಲು ಓರೆಯಾಗಲಿ, ಆಮೇಲಿದೆ ನಿಂಗೆ."

ಕಿರಿಯವಳು ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಇಟ್ಟಳು. ಹಿರಿಯವಳು ಕಣ್ಣು ಮಿಟುಕಿಸದೆ ಕಾದಳು, ಈಗ ಓರೆಯಾದೀತು, ಈಗ ಆದೀತು ಎಂದು. ಆಗಲಿಲ್ಲ. ಕೈ ಅಭ್ಯಾಸಬಲದಿಂದ ಎದೆಯ ಕಡೆ ಹೊರಟಿತು. ಅಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಮೇಜಿನಿಂದ ಜಾರುತ್ತಿದ್ದ ಬಟ್ಟೆಯ ತುದಿಯನ್ನು ಹಿಡಿದುಕೊಂಡಿತು.