ಎಡ ಜೇಬು, ಬಲ ಜೇಬು

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ರಕ್ತನಿಧಿಯಲ್ಲಿ ಕೆಲಸ ಮಾಡಿದ್ದೇನೆ, ಒಂದು ಟ್ಯೂಬಿನ ಮೇಲೂ ಹೆಸರು ತಪ್ಪು ಬರೆದಿಲ್ಲ ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದೆ. ಕೇಳಿದವರಿಗೂ ಹೇಳುತ್ತಿದ್ದೆ, ಕೇಳದವರಿಗೂ ಹೇಳುತ್ತಿದ್ದೆ. ಆನೆಯೂ ಮುಗ್ಗರಿಸುತ್ತದೆ ಎನ್ನುವ ಮಾತು ಬೇರೆಯವರಿಗಾಗಿ ಇದೆ ಎಂದುಕೊಂಡಿದ್ದೆ. ಆ ದಿನ ಮಧ್ಯಾಹ್ನ ಎರಡೂವರೆಯಿಂದ ಸಂಜೆ ಆರರವರೆಗೆ ಪಟ್ಟ ಹೆದರಿಕೆಯನ್ನು ನೆನೆದರೆ ಈಗಲೂ ಅಂಗೈ ಬೆವರುತ್ತದೆ.

ಎಲ್ಲದರ ಬೇರು ಒಂದು ಜಗಳ. ನನಗೂ ನನ್ನ ವಾರಗಿತ್ತಿಗೂ ಎರಡು ವರ್ಷದಿಂದ ಮಾತಿರಲಿಲ್ಲ. ಗಂಡನ ಅಣ್ಣನ ಹೆಂಡತಿ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು, ಅಕ್ಕ ಎಂದೇ ಕರೆಯುತ್ತಿದ್ದೆ. ಒಂದು ಭಾನುವಾರ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ನನಗೆ ನನ್ನ ಕೆಲಸದ ವಿಷಯ ಬಂದರೆ ಬಾಯಿಗೆ ಬೀಗ ಇರುವುದಿಲ್ಲ. ರಕ್ತವೆಂದರೆ ಬರೀ ಕೆಂಪು ನೀರಲ್ಲ, ಟ್ಯೂಬಿನಲ್ಲಿ ಹಾಕಿ ಸುಮ್ಮನೆ ನಿಲ್ಲಿಸಿದರೆ ಪದರ ಪದರವಾಗಿ ಕೂರುತ್ತದೆ ಎಂದು ಶುರು ಮಾಡಿದೆ. ತಳದಲ್ಲಿ ಕೆಂಪು ಕಣ, ಉಸಿರನ್ನು ಮೈಯೆಲ್ಲ ಹೊತ್ತು ತಿರುಗುವ ಕೂಲಿಗಳು. ಅದರ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಬಿಳಿ ಕಣ, ರೋಗದ ಜೊತೆ ಹೊಡೆದಾಡುವವು. ಅವುಗಳ ಜೊತೆಯಲ್ಲೇ ಗಾಯದ ಬಾಯಿ ಮುಚ್ಚುವ ಕಿರುಬಿಲ್ಲೆಗಳು. ಎಲ್ಲಕ್ಕಿಂತ ಮೇಲೆ ಒಣಹುಲ್ಲಿನ ಬಣ್ಣದ ತಿಳಿ, ಅದೇ ಪ್ಲಾಸ್ಮಾ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಾನು ಗುಂಪುಗಳಿಗೂ ಬಂದೆ. ಎ ಗುಂಪಿನವರ ಕೆಂಪು ಕಣದ ಮೇಲೆ ಎ ಗುರುತು, ಬಿ ಗುಂಪಿನವರದರ ಮೇಲೆ ಬಿ ಗುರುತು, ಎಬಿಯವರಿಗೆ ಎರಡೂ, ಓ ಗುಂಪಿನವರಿಗೆ ಎರಡೂ ಇಲ್ಲ. ತನ್ನಲ್ಲಿಲ್ಲದ ಗುರುತನ್ನು ಕಂಡರೆ ಪ್ಲಾಸ್ಮಾ ಸುಮ್ಮನಿರುವುದಿಲ್ಲ, ಹೊಕ್ಕ ಕಣಗಳನ್ನು ಒಡೆದು ಹಾಕುತ್ತದೆ, ಮೂತ್ರಪಿಂಡ ಕೆಡುತ್ತದೆ, ಜೀವವೂ ಹೋಗಬಹುದು. ತಪ್ಪು ರಕ್ತ ಹೋಗುತ್ತಿದ್ದರೆ ಮೊದಲ ಕೆಲವು ನಿಮಿಷದಲ್ಲೇ ಗೊತ್ತಾಗುತ್ತದೆ: ನರ ಸುಡುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ನಡುಕ ಬರುತ್ತದೆ. ಆಗ ಡಾಕ್ಟರು ಬರಲಿ ಎಂದು ಕಾಯಬಾರದು, ಕೊಳವೆಯ ಮೇಲಿನ ಚಕ್ರ ತಿರುಗಿಸಿ ಮುಚ್ಚಿಬಿಡಬೇಕು. ಇದನ್ನೆಲ್ಲ ಕೈಯಲ್ಲಿ ತುತ್ತು ಹಿಡಿದುಕೊಂಡೇ ಹೇಳಿದೆ.

ವಾರಗಿತ್ತಿ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ, ರಕ್ತಬೀಜಾಸುರನ ತಂಗಿಯನ್ನು ಪಂಕ್ತಿಯಲ್ಲಿ ಕೂರಿಸಿದರೆ ಹೀಗೇ ಆಗುವುದು ಎಂದಳು. ಎಲ್ಲರೂ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರ ಮುಂದೆ ಇದನ್ನೆಲ್ಲ ಹೇಳಿದ್ದು ನನ್ನದೇ ತಪ್ಪು, ತಲೆಗೆ ಹೋದರೆ ತಾನೇ ಎಂದುಬಿಟ್ಟೆ. ನಗು ನಿಂತಿತು. ಅವಳು ಒಳಗೆ ಹೋದವಳು ಮತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ನನ್ನದೂ ಹೋಯಿತು.

ಈಗ ಅವಳೇ ಮೂರನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದಳು. ಮರುದಿನ ಗರ್ಭಕೋಶದ ಗಡ್ಡೆಗೆ ಆಪರೇಷನ್. ಬೇಕಾದರೆ ಇರಲಿ ಎಂದು ಒಂದು ಚೀಲ ರಕ್ತ ಹೊಂದಿಸಿಡಬೇಕಿತ್ತು. ಪಕ್ಕದ ಹಾಸಿಗೆಯಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುವ ಒಬ್ಬ ಹೆಂಗಸು. ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರಿ ಸೋರಿ ಮುಖ ಬಿಳಿ ಹಾಳೆಯಾಗಿತ್ತು. ಅವಳಿಗೆ ಅವತ್ತೇ ಕೊಡಬೇಕಿತ್ತು.

ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ, ಅದನ್ನು ಎಲ್ಲರಿಗೂ ಕಲಿಸಿದವಳು ನಾನೇ. ರಕ್ತ ತೆಗೆದ ಮೇಲೆ ಹಾಸಿಗೆಯ ಪಕ್ಕದಲ್ಲೇ ನಿಂತು ಹೆಸರು ಕೇಳಬೇಕು. ನಾವು ಹೇಳಿ ಹೌದೇ ಅನ್ನಬಾರದು, ರೋಗಿಯ ಬಾಯಿಂದಲೇ ಬರಬೇಕು. ಅಲ್ಲೇ ಟ್ಯೂಬಿನ ಮೇಲೆ ಬರೆದು ಆಮೇಲೆ ಕಾಲು ಕೀಳಬೇಕು.

ವಾರಗಿತ್ತಿ ನನ್ನನ್ನು ನೋಡಿ ತೋಳು ಚಾಚಿ, ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ನಾನು ತುಟಿ ಬಿಚ್ಚದೆ ಸೂಜಿ ಹಾಕಿದೆ. ಹದಿನೆಂಟು ವರ್ಷ ಒಂದೇ ಒಲೆಯ ಅನ್ನ ಉಂಡವಳನ್ನು ನಿಮ್ಮ ಹೆಸರೇನು ಎಂದು ಕೇಳುವುದೇ, ಅದೂ ಮೊದಲ ಮಾತಾಗಿ? ಟ್ಯೂಬನ್ನು ಕೋಟಿನ ಎಡ ಜೇಬಿಗೆ ಇಳಿಸಿದೆ. ಬೈಂಡಿಂಗಿನವಳು ತಾನು ದಿನವೂ ಸೂಜಿ ಹಿಡಿಯುವವಳಾದರೂ ಚುಚ್ಚಿಸಿಕೊಳ್ಳುವುದೆಂದರೆ ಹೆದರಿಕೆ ಎಂದು ನಕ್ಕಳು. ಅವಳ ಹೆಸರನ್ನಾದರೂ ಕೇಳಿ ಬರೆಯಬೇಕಿತ್ತು. ಆದರೆ ಬೆನ್ನ ಮೇಲೆ ವಾರಗಿತ್ತಿಯ ಕಣ್ಣಿತ್ತು, ಅಲ್ಲಿಂದ ಹೊರಬಿದ್ದರೆ ಸಾಕಾಗಿತ್ತು. ಅವಳ ಟ್ಯೂಬು ಬಲ ಜೇಬಿಗೆ ಹೋಯಿತು.

ಕೆಳಗೆ ಬಂದು ಕೋಟು ಬಿಚ್ಚಿ ಗೋಡೆಯ ಮೊಳೆಗೆ ಹಾಕಿದೆ, ಕೈ ತೊಳೆದೆ, ಎಡ ಜೇಬು ವಾರಗಿತ್ತಿ, ಬಲ ಜೇಬು ಬೈಂಡಿಂಗಿನವಳು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಎರಡೂ ಟ್ಯೂಬು ತೆಗೆದು ಹೆಸರು ಅಂಟಿಸಿದೆ. ಬೈಂಡಿಂಗಿನವಳ ಹೆಸರಿನದನ್ನು ಮೊದಲು ನೋಡಿದೆ. ಬಿ. ಬಿ ಗುಂಪಿನ ಚೀಲ ತೆಗೆದು ಹೊಂದಿಸಿ ನೋಡಿದೆ, ಹೊಂದಿತು. ಆಯಾ ಬಂದು ಸಹಿ ಹಾಕಿ ಚೀಲ ಒಯ್ದಳು.

ಆಮೇಲೆ ನಿಧಾನವಾಗಿ ವಾರಗಿತ್ತಿಯದು. ಬಿಳಿ ಹಲಗೆಯ ಮೇಲೆ ಒಂದು ಹನಿಗೆ ಎ ಔಷಧಿ, ಇನ್ನೊಂದಕ್ಕೆ ಬಿ ಔಷಧಿ. ಗುರುತು ಇದ್ದರೆ ಹಾಲು ಒಡೆದ ಹಾಗೆ ಹರಳು ಹರಳಾಗಬೇಕು. ಎರಡೂ ಹನಿ ನುಣ್ಣಗೆ ಉಳಿದವು. ಓ ಎಂದು ಬರೆಯಲು ಪೆನ್ನು ಎತ್ತಿದೆ, ಕೈ ನಿಂತಿತು.

ಅವಳ ಮಗಳು, ನನ್ನನ್ನು ಚಿಕ್ಕಮ್ಮ ಚಿಕ್ಕಮ್ಮ ಎಂದು ಸೆರಗು ಹಿಡಿದು ತಿರುಗಿದ ಹುಡುಗಿ, ಎಬಿ. ಶಾಲೆಯ ಕಾರ್ಡಿಗಾಗಿ ಇದೇ ಮೇಜಿನ ಮೇಲೆ ನಾನೇ ನೋಡಿ ಬರೆದುಕೊಟ್ಟಿದ್ದೆ. ಎಬಿ ಮಗುವಿಗೆ ಒಂದು ಗುರುತು ತಾಯಿಯಿಂದ ಬರಬೇಕು, ಇನ್ನೊಂದು ತಂದೆಯಿಂದ. ಓ ಗುಂಪಿನ ತಾಯಿಯ ಹತ್ತಿರ ಕೊಡಲು ಗುರುತೇ ಇರುವುದಿಲ್ಲ. ಇದು ವಾರಗಿತ್ತಿಯ ರಕ್ತವಲ್ಲ.

ಗೋಡೆಯ ಕಡೆ ತಿರುಗಿದೆ. ಕೋಟು ನನಗೆ ಎದುರಾಗಿ ತೂಗುತ್ತಿತ್ತು. ಹಾಕಿಕೊಂಡಾಗ ನನ್ನ ಎಡಕ್ಕಿದ್ದ ಜೇಬು ಈಗ ನನ್ನ ಬಲಕ್ಕಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಜೇಬಿನಲ್ಲಿ ಟ್ಯೂಬು ತಂದಿರದವಳಿಗೆ ಅಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

ವಾರಗಿತ್ತಿಗೆ ಓ ಕೊಟ್ಟಿದ್ದರೂ ಏನೂ ಆಗುತ್ತಿರಲಿಲ್ಲ, ಓ ಕಣವನ್ನು ಯಾರ ಮೈಯೂ ಬೇಡವೆನ್ನುವುದಿಲ್ಲ. ಓ ಆಗಿದ್ದವಳು ಆ ಬೈಂಡಿಂಗಿನವಳು, ಅವಳಿಗೆ ನಾನು ಬಿ ಕಳಿಸಿದ್ದೆ. ಗಡಿಯಾರ ನೋಡಿದೆ. ಚೀಲ ಹೋಗಿ ಇಪ್ಪತ್ತು ನಿಮಿಷ.

ವಾರ್ಡಿಗೆ ಫೋನು ಮಾಡಿದರೆ ಕುಯ್ ಕುಯ್ ಎಂದಿತು, ಯಾರೋ ರಿಸೀವರ್ ಸರಿಯಾಗಿ ಇಟ್ಟಿರಲಿಲ್ಲ. ಲಿಫ್ಟು ಎಲ್ಲೋ ಮೇಲೆ ನಿಂತಿತ್ತು. ಮೆಟ್ಟಿಲು ಹತ್ತಿದೆ. ಐವತ್ತು ದಾಟಿದ ಮೈ, ಎರಡನೇ ಮಹಡಿಗೆ ಬರುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಕಂಬಿ ಹಿಡಿದುಕೊಂಡೆ. ಒಂದೊಂದು ಹನಿಯೂ ಅವಳ ಮೈಯೊಳಗೆ ಬೀಳುವುದು ಕಿವಿಗೆ ಕೇಳಿಸಿದಂತಾಯಿತು. ಅವಳು ಸತ್ತರೆ ಕೊಂದವಳು ನಾನು, ಸುತ್ತಿ ಬಳಸಿ ಹೇಳುವುದಕ್ಕೆ ಏನೂ ಇಲ್ಲ. ದೇವರೇ, ಇನ್ನೂ ಹಾಕಿರಬಾರದು ಎಂದು ಬೇಡುತ್ತಲೇ ಉಳಿದ ಮೆಟ್ಟಿಲು ಹತ್ತಿದೆ.

ಹಾಕಿದ್ದರು. ಚೀಲ ಕಂಬಿಯಲ್ಲಿ ತೂಗುತ್ತಿತ್ತು, ಕೊಳವೆ ಕೆಂಪಗಿತ್ತು. ನರ್ಸ್ ವಾರ್ಡಿನ ಆ ತುದಿಯಲ್ಲಿ, ಹಾಸಿಗೆಯಿಂದ ಬಿದ್ದ ಒಬ್ಬ ಅಜ್ಜಿಯನ್ನು ಎತ್ತುತ್ತಿದ್ದಳು. ಬೈಂಡಿಂಗಿನವಳು ಒಂದು ಪಕ್ಕಕ್ಕೆ ಮುದುಡಿ ಹಲ್ಲು ಕಟಕಟ ಎನ್ನುವಂತೆ ನಡುಗುತ್ತಿದ್ದಳು. ಅವಳ ಪಕ್ಕದಲ್ಲಿ, ಆಸ್ಪತ್ರೆಯ ಗೌನಿನಲ್ಲಿ, ಬರಿಗಾಲಲ್ಲಿ ನನ್ನ ವಾರಗಿತ್ತಿ ನಿಂತಿದ್ದಳು. ಒಂದು ಕೈ ಅವಳ ಭುಜದ ಮೇಲೆ, ಇನ್ನೊಂದು ಕೊಳವೆಯ ಚಕ್ರದ ಮೇಲೆ. ನಾನು ಹನಿ ಬೀಳುವ ಗಾಜಿನೊಳಗೆ ನೋಡಿದೆ. ಹನಿ ನಿಂತಿತ್ತು.

"ಸೊಂಟ ಹಿಡ್ಕೊಂತು, ಕೈ ಉರೀತಿದೆ ಅಂದ್ಲು," ಎಂದಳು ವಾರಗಿತ್ತಿ. ಎರಡು ವರ್ಷದ ಮೇಲೆ ನನಗೆ ಹೇಳಿದ ಮೊದಲ ಮಾತು. "ನರ್ಸಮ್ಮನ್ನ ಕೂಗ್ದೆ, ಅವ್ರಿಗೆ ಕೇಳಿಸ್ಲಿಲ್ಲ. ನೀನು ಅವತ್ತು ಹೇಳಿದ್ದೆಯಲ್ಲ, ಕಾಯಬಾರದು ಅಂತ. ಮುಚ್ಚಿಬಿಟ್ಟೆ."

ಕೊಳವೆ ಬಿಚ್ಚಿದೆ, ಡಾಕ್ಟರನ್ನು ಕೂಗಿದೆ. ಯುವ ಡಾಕ್ಟರು ಓಡಿಬಂದು ಏನಾಯಿತು ಎಂದರು. ಅಷ್ಟರಲ್ಲಿ ನನ್ನ ಮನಸ್ಸು ಒಂದು ಸುಳ್ಳನ್ನು ಹೊಸೆದು ಮುಗಿಸಿತ್ತು. ರಕ್ತ ಹಾಕಿದಾಗ ಕೆಲವರಿಗೆ ಸುಮ್ಮನೆ ಚಳಿಜ್ವರ ಬರುವುದುಂಟು, ಅದೇ ಇರಬೇಕು ಎಂದರೆ ಸಾಕಿತ್ತು. ಡಾಕ್ಟರು ನಂಬುತ್ತಿದ್ದರು, ಇಪ್ಪತ್ತೆರಡು ವರ್ಷದ ನನ್ನ ಹೆಸರಿತ್ತಲ್ಲ. ಆದರೆ ನಂಬಿ ಬರೀ ಜ್ವರದ ಮಾತ್ರೆ ಕೊಟ್ಟರೆ ಇವಳ ಮೂತ್ರಪಿಂಡ ಹೋಗುತ್ತಿತ್ತು. ವಾರಗಿತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇವರು ಓ. ಹೋಗಿರೋದು ಬಿ," ಎಂದೆ. "ಟ್ಯೂಬು ಅದಲುಬದಲಾಗಿದೆ. ಮಾಡಿದ್ದು ನಾನೇ."

ಡಾಕ್ಟರು ನನ್ನನ್ನು ಬೈಯಲಿಲ್ಲ, ಪುರಸೊತ್ತಿರಲಿಲ್ಲ. ಸಲೈನ್ ಹರಿಸಿದರು, ಮೂತ್ರಕ್ಕೆ ನಳಿಕೆ ಹಾಕಿದರು, ಗಂಟೆಗೊಮ್ಮೆ ಬಣ್ಣ ನೋಡಬೇಕೆಂದರು. ಚೀಲದಿಂದ ಎರಡು ಚಮಚದಷ್ಟು ಹೋಗಿತ್ತು. ಅಷ್ಟು ಹೋದರೆ ಬದುಕುತ್ತಾರೆಯೇ ಎಂದು ಕೇಳಿದೆ, ಉತ್ತರ ನನಗೇ ಗೊತ್ತಿದ್ದರೂ. ನೋಡೋಣ ಎಂದರು.

ಮೊದಲ ಗಂಟೆಯ ಮೂತ್ರ ಕೆಂಪು ಚಹಾದಂತಿತ್ತು. ನಾನು ಅದನ್ನು ಬೆಳಕಿಗೆ ಹಿಡಿದವಳು ಕೆಳಗಿಡಲಾರದೆ ಹಾಗೇ ನಿಂತೆ. ಒಡೆದ ಕಣಗಳ ಬಣ್ಣ ಅದು, ಒಡೆಸಿದವಳು ನಾನು. ಬೈಂಡಿಂಗ್ ಅಂಗಡಿಯ ಅಂಟು ಇನ್ನೂ ಉಗುರಲ್ಲಿದ್ದ ಅವಳ ಗಂಡ ಬಂದರು. ಅವರಿಗೂ ಹೇಳಬೇಕಿತ್ತು, ಹೇಳಿದೆ. ಅವರು ಸಿಟ್ಟಾಗಲಿಲ್ಲ. ಈಗ ನೀವು ಎಲ್ಲಿಗೂ ಹೋಗಬೇಡಿ ತಾಯಿ, ಇಲ್ಲೇ ಇರಿ ಎಂದು ಮಾತ್ರ ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸ್ಟೂಲಿನ ಮೇಲೆ ಕೂತು ಸದ್ದಿಲ್ಲದೆ ಅತ್ತೆ. ವಾರಗಿತ್ತಿ ಒಂದು ಲೋಟ ನೀರು ತಂದು ನನ್ನ ಕೈಗಿಟ್ಟು ತನ್ನ ಹಾಸಿಗೆಗೆ ಹೋದಳು.

ಎರಡನೇ ಗಂಟೆಗೂ ಕೆಂಪು, ಸ್ವಲ್ಪ ತೆಳು. ಮೂರನೆಯದು ಹಳದಿಗೆ ತಿರುಗಿತು. ಆರು ಗಂಟೆಯ ಹೊತ್ತಿಗೆ ಡಾಕ್ಟರು ಮೂತ್ರದ ಲೋಟವನ್ನು ಕಿಟಕಿಗೆ ಹಿಡಿದು ನೋಡಿ, ಮೂತ್ರಪಿಂಡ ನಡೆಯುತ್ತಿದೆ, ಇನ್ನು ಸರಿಯಾದ ರಕ್ತ ಕೊಡಬಹುದು ಎಂದರು. ಬೈಂಡಿಂಗಿನವಳು ಕಣ್ಣು ಬಿಟ್ಟು, ಸೂಜಿ ಅಂದರೆ ಹೆದರಿಕೆ ಅಂತ ಮೊದಲೇ ಹೇಳಿರಲಿಲ್ಲವೇ ಎಂದಳು. ನನಗೆ ನಗು ಬರಲಿಲ್ಲ.

ಹಿರಿಯ ಡಾಕ್ಟರಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟಿದ್ದೆ. ನಾಳೆಯಿಂದ ನನ್ನ ಕೆಲಸ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಆದರೆ ಇಬ್ಬರದೂ ಹೊಸದಾಗಿ ರಕ್ತ ತೆಗೆಯಬೇಕಿತ್ತು, ಇನ್ನೊಬ್ಬ ಟೆಕ್ನಿಷಿಯನ್ ಪಕ್ಕದಲ್ಲಿ ನಿಂತು ನೋಡಬೇಕು, ತೆಗೆಯುವುದು ನೀವೇ ಎಂದು ಹಿರಿಯ ಡಾಕ್ಟರು ಹೇಳಿದ್ದರು. ಬೈಂಡಿಂಗಿನವಳ ಹೆಸರು ಕೇಳಿದೆ, ಅವಳು ಹೇಳಿದಳು, ಅಲ್ಲೇ ಬರೆದೆ. ಆಮೇಲೆ ಕಿಟಕಿಯ ಪಕ್ಕಕ್ಕೆ ಹೋದೆ. ವಾರಗಿತ್ತಿ ತೋಳು ಚಾಚಿದಳು. ಈ ಸಲ ಮುಖ ತಿರುಗಿಸಲಿಲ್ಲ.

ರಕ್ತ ಟ್ಯೂಬಿಗೆ ಇಳಿಯಿತು. ಸೂಜಿ ತೆಗೆದು ಹತ್ತಿ ಒತ್ತಿದೆ. ಪೆನ್ನು ತೆಗೆದೆ.

"ನಿಮ್ಮ ಹೆಸರೇನು, ಅಕ್ಕ?" ಎಂದೆ.

ಅವಳು ಹೇಳಿದಳು. ತನ್ನ ಹೆಸರು, ಗಂಡನ ಹೆಸರು, ಆಮೇಲೆ ನಮ್ಮ ಮನೆತನದ ಹೆಸರು, ನನ್ನ ಹೆಸರಿನ ಹಿಂದೆಯೂ ಇರುವುದು. ನಾನು ಒಂದೊಂದೇ ಅಕ್ಷರ ಬರೆದು ಅವಳ ಕಣ್ಣ ಮುಂದೆ ಹಿಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಕ್ಕ ಅದನ್ನು ತುಟಿ ಆಡಿಸುತ್ತಾ ಕೊನೆಯವರೆಗೂ ಓದಿ, ಸರಿಯಾಗಿದೆ ಎಂದಳು.