ಎಂಟನೇ ಬಾಗಿಲು

ಸುಟ್ಟ ವಾಸನೆ, ಅಲ್ಲ, ಇನ್ನೂ ಸುಟ್ಟಿಲ್ಲ, ಸುಡಲು ಹೊರಟಿದೆ ಅಷ್ಟೆ, ಉಳಿಯ ಗಂಟಲಲ್ಲಿ ಪುಡಿ ಸಿಕ್ಕಿಕೊಂಡಿದೆ, ಹಿಡಿಕೆ ಸ್ವಲ್ಪ ಮೇಲೆತ್ತು, ಉಸಿರಾಡಲಿ, ಹಾಂ, ಈಗ ಇಳಿಸು — ಮೇಸ್ತ್ರಿಯ ಕೈ ಮೆಶಿನ್ನಿನ ಹಿಡಿಕೆಯನ್ನು ಎತ್ತಿ ಇಳಿಸಿತು, ತಲೆಯನ್ನು ಕೇಳಲಿಲ್ಲ, ನಲವತ್ತು ವರ್ಷದಿಂದ ಕೇಳಿಲ್ಲ, ಒಳ್ಳೆಯದೇ ಆಯಿತು, ಈಗೀಗ ಆ ತಲೆಯಿಂದ ಬರುವ ಉತ್ತರ ಅಷ್ಟಕ್ಕಷ್ಟೆ. ಚೌಕದ ಉಳಿ, ಅದರ ಹೊಟ್ಟೆಯೊಳಗೆ ಗಿರಗಿರ ತಿರುಗುವ ಬೈರಿಗೆ, ಮೊದಲು ಗುಳಿಯ ಈ ತುದಿ, ಆಮೇಲೆ ಆ ತುದಿ, ಕೊನೆಗೆ ನಡುವೆ ಉಳಿದದ್ದು. ದುಂಡಗೆ ತಿರುಗುವ ಮೆಶಿನ್ ಚೌಕದ ಗುಳಿ ಕೊರೆಯುತ್ತೆ ಅಂತ ಮದುವೆಯಾದ ಹೊಸದರಲ್ಲಿ ಹೇಳಿದರೆ ಹೆಂಡತಿ ನಂಬಿರಲಿಲ್ಲ, ನನ್ನನ್ನೇನು ಪೆದ್ದಿ ಅಂದ್ಕೊಂಡಿದ್ದೀರಾ, ಕರೆದುಕೊಂಡು ಬಂದು ತೋರಿಸಿದ್ದ, ಅವಳು ಕಿರುಬೆರಳು ಒಳಗಿಟ್ಟು ನಾಲ್ಕೂ ಮೂಲೆ ಮುಟ್ಟಿ ನೋಡಿ ನಕ್ಕಿದ್ದಳು, ಬೆರಳ ತುದಿಗೆ ಹತ್ತಿದ ಪುಡಿ ಕೂಡ ನೆನಪಿದೆ, ಇವತ್ತು ಬೆಳಗ್ಗೆ ತಿಂದದ್ದೇನು, ತಿಂದೆನಾ — ಇರಲಿ. ಎಂಟನೇ ಬಾಗಿಲು ಇದು, ಕೊನೆಯದು, ಆಸ್ಪತ್ರೆಯ ಔಷಧಿ ಬೀರುವಿಗೆ, ಏಳು ಅಲ್ಲಿ ಸಾಲಾಗಿ ನಿಂತಿವೆ, ಎರಡು ಉದ್ದಪಟ್ಟಿ, ಎರಡು ಅಡ್ಡಪಟ್ಟಿ, ಉದ್ದಪಟ್ಟಿಗೆ ಗುಳಿ, ಅದರೊಳಗೆ ಹೋಗಿ ಕೂರಲು ಅಡ್ಡಪಟ್ಟಿಯ ತುದಿಗೆ ನಾಲಿಗೆ, ನಾಲ್ಕರ ಒಳಅಂಚಿಗೂ ಗ್ರೂವ್, ಆ ಗ್ರೂವಿನಲ್ಲಿ ಸಿಕ್ಕಿ ನಿಲ್ಲುವ ಹಲಗೆ, ಇಷ್ಟೇ, ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುವ ಕೆಲಸ. ಏಳು ಬಾಗಿಲಿಗೂ ಗುಂಡ ಪಕ್ಕದಲ್ಲೇ ನಿಂತಿದ್ದ, ಹೆಂಡತಿಯ ತಮ್ಮ, ಐವತ್ತು ದಾಟಿ ಹೊಟ್ಟೆ ಬಂದ ಮೇಲೆ ಆ ಅಡ್ಡಹೆಸರಿಗೆ ನ್ಯಾಯ ಒದಗಿಸಿದವನು, ಅವನಿಗೆ ಕೈ ಹಿಡಿದು ಕೆಲಸ ಕಲಿಸಿದ್ದು ಇವನೇ, ಈಗ ಅವನು ಕೈ ಕಟ್ಟಿಕೊಂಡು ಕಾವಲು ನಿಲ್ಲುತ್ತಾನೆ. ಇದೊಂದನ್ನಾದರೂ ನಾನೊಬ್ಬನೇ ಮಾಡ್ತೀನಿ ಕಣೋ ಎಂದು ಗೋಗರೆದ ಮೇಲೆ ಬೆಳಗ್ಗೆ ಯಾವುದೋ ಮನೆಯ ಕಿಟಕಿ ಅಳತೆಗೆ ಹೊರಟ, ಚಪ್ಪಲಿ ಮೆಟ್ಟುತ್ತ, ಮುಖ ನೋಡದೆ, ನಾಲ್ಕು ಗಂಟೆಗೆ ಬರ್ತೀನಿ ಭಾವ, ಬೇಜಾರು ಮಾಡ್ಕೋಬೇಡಿ, ಇದರಲ್ಲೂ ಏನಾದ್ರೂ ಎಡವಟ್ಟಾದ್ರೆ ನಾಳೆಯಿಂದ ನೀವು ಮೆಶಿನ್ ಮುಟ್ಟೋದು ಬೇಡ, ಬನ್ನಿ, ಕೂತ್ಕೊಳ್ಳಿ, ಕಾಫಿ ಕುಡೀರಿ, ಅಕ್ಕನಿಗೂ ಹೇಳಿದ್ದೀನಿ. ಅಕ್ಕನಿಗೂ ಹೇಳಿದ್ದಾನಂತೆ.

ಹೇಳದೆ ಏನು ಮಾಡುತ್ತಾನೆ, ಹೋದ ತಿಂಗಳು ಮೇಸ್ತ್ರಿ ಗರಗಸ ತಿರುಗಲು ಬಿಟ್ಟು ಬೀದಿ ಕೊನೆಯ ಅಂಗಡಿ ಮುಂದೆ ನಿಂತಿದ್ದ, ಏನು ಬೇಕು ಎಂದು ಅಂಗಡಿಯವನು ಕೇಳಿದರೆ ಏನು ಬೇಕಿತ್ತೋ ಗೊತ್ತಿಲ್ಲ, ಅದಕ್ಕೂ ಮುಂಚೆ ಹನ್ನೆರಡು ಕಿಟಕಿಪಟ್ಟಿಗಳಿಗೆ ಗುಳಿ ಹೊಡೆದಿಟ್ಟಿದ್ದ, ಒಂದೊಂದೂ ಅಚ್ಚುಕಟ್ಟು, ಒಂದೊಂದೂ ಪಟ್ಟಿಯ ತಪ್ಪು ಮಗ್ಗುಲಿಗೆ. ಈಗ ಗರಗಸ ಶುರುವಾಯಿತು, ಅಡ್ಡಪಟ್ಟಿಯನ್ನು ಮಲಗಿಸಿ ಮೊದಲು ಸುತ್ತ ಗೀರು, ಆಮೇಲೆ ಆಸರೆಗೆ ಬಿಗಿದು ನೆಟ್ಟಗೆ ನಿಲ್ಲಿಸಿ ಎರಡೂ ಮಗ್ಗುಲು ಸೀಳಿದರೆ ಹೋಳು ಕಳಚಿ ಬಿದ್ದು ನಡುವೆ ನಾಲಿಗೆ ಉಳಿಯುತ್ತದೆ, ಅಂಗೈಯಲ್ಲಿ ಒತ್ತಿದರೆ ಮುಕ್ಕಾಲು ಹೋಗಬೇಕು, ಉಳಿದದ್ದಕ್ಕೆ ಕೊಡತಿಯ ಎರಡು ಮೆಲ್ಲನೆ ಏಟು, ಹೋಯಿತು, ಆಹಾ, ಕೂದಲು ತೂರುವಷ್ಟೂ ಸಂದಿಲ್ಲ. ಅಪ್ಪ ಇದ್ದಿದ್ದರೆ ಬಯ್ಯುತ್ತಿರಲಿಲ್ಲ, ಅಪ್ಪ ಬಯ್ಯದಿದ್ದರೆ ಅದೇ ಹೊಗಳಿಕೆ, ಮೆಶಿನ್ ಕಾಣದೆ ಸತ್ತ ಮನುಷ್ಯ, ಉಳಿ ಕೊಡತಿಯಲ್ಲೇ ಜನ್ಮ ಕಳೆದ, ಸಡಿಲ ಮಾಡಿ ಅಂಟಿನ ಮೇಲೆ ಭಾರ ಹಾಕ್ತೀಯೇನೋ ಕತ್ತೆ. ಇಲ್ಲಪ್ಪ, ಇದು ಅಂಟಿಲ್ಲದೆಯೂ ನಿಲ್ಲುತ್ತೆ ನೋಡು. ಬಿಚ್ಚಿ ನಾಲ್ಕಕ್ಕೂ ಗ್ರೂವ್ ಎಳೆದ, ಅಂಟು ಹಚ್ಚಿದ, ಗುಳಿಯೊಳಗೆ, ನಾಲಿಗೆಯ ಮಗ್ಗುಲಿಗೆ, ಹದಿನೈದು ನಿಮಿಷದಲ್ಲಿ ಹಿಡಿದುಬಿಡುವ ಅಂಟು, ಬೇಗ ಬೇಗ, ಕೂಡಿಸಿದ, ಬಡಿದ, ಕ್ಲ್ಯಾಂಪ್ ಬಿಗಿದ, ಮೂಲೆಯಿಂದ ಮೂಲೆಗೆ ಅಳೆದ, ಎರಡು ಕಡೆಯೂ ಒಂದೇ, ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಬ್ರಷ್ ತೊಳೆದ, ಕೈ ತೊಳೆದ, ಸ್ಟೂಲಿನ ಮೇಲೆ ಕೂತು ಕಾಲು ಚಾಚಿದ, ಗುಂಡ ಬರಲಿ, ಬಂದು ನೋಡಲಿ. ಗೋಡೆಗೆ ಒಂದು ಹಲಗೆ ಒರಗಿತ್ತು. ಯಾರದಿದು, ಒಳ್ಳೆಯ ಹಲಗೆ, ನಾರು ನೀರು ಹರಿದ ಹಾಗೆ ಮೇಲಿನಿಂದ ಕೆಳಕ್ಕೆ, ಯಾರೋ ನಾಲ್ಕೂ ಅಂಚು ತೆಳ್ಳಗೆ ಮಾಡಿ ಇಟ್ಟಿದ್ದಾರೆ, ಯಾರೋ — ಅಂಟಿಗೆ ಮುಂಚೆ ಗ್ರೂವಿನೊಳಗೆ ಕೂರಬೇಕಾಗಿದ್ದ ಹಲಗೆ.

ಕ್ಲ್ಯಾಂಪ್ ಬಿಚ್ಚಿ ಬಡಿದ, ಒಳಗಿನಿಂದ ಹೊರಗೆ ಬಡಿದ, ಕೊಡತಿ ಪುಟಿದು ಬಂತು, ಚೌಕಟ್ಟು ಕಮಕ್ ಕಿಮಕ್ ಅನ್ನಲಿಲ್ಲ, ಸ್ವಲ್ಪ ಸಡಿಲ ಮಾಡಿದ್ದರೆ ಬಿಡುತ್ತಿತ್ತೇನೋ, ಚೆನ್ನಾಗಿ ಮಾಡಿದ್ದಾನೆ, ಹಾಳಾದವನು, ಅಷ್ಟು ಚೆನ್ನಾಗಿ ಮಾಡಿದ್ದಾನೆ. ಹಿಂದಿನಿಂದ ಗ್ರೂವಿನ ಒಂದು ಅಂಚು ಕೆತ್ತಿ ತೆಗೆದು, ಹಲಗೆ ಕೂರಿಸಿ, ಸುತ್ತ ಪಟ್ಟಿ ಹೊಡೆಯಬಹುದು, ಹೊಡೆದರೆ ಬೀರುವಿನ ಬಾಗಿಲು ತೆಗೆದವರಿಗೆಲ್ಲ ತಪ್ಪಿನ ಮೆರವಣಿಗೆ, ಗುಂಡನಿಗಂತೂ ಹತ್ತು ಮಾರು ದೂರದಿಂದ ಗೊತ್ತಾಗುತ್ತೆ, ಅವನು ಬಯ್ಯುವುದಿಲ್ಲ, ಬಯ್ದರೆ ಬದುಕಿಕೊಳ್ಳಬಹುದಿತ್ತು, ಹೆಗಲ ಮೇಲೆ ಕೈ ಇಡುತ್ತಾನೆ, ಹೋಗಲಿ ಬಿಡಿ ಭಾವ ಅನ್ನುತ್ತಾನೆ, ಸ್ಟೂಲಿನ ಮೇಲೆ ಒಂದು ದಿಂಬು ತಂದು ಹಾಕುತ್ತಾನೆ. ಮೆಶಿನ್ ಇಲ್ಲದಿದ್ದರೆ ಇವನೇನು, ಉಳಿದದ್ದೆಲ್ಲ ಒಂದೊಂದೇ ಕೈ ಬಿಟ್ಟಿದೆ, ಬೀದಿ ಹೆಸರು, ಮೊಮ್ಮಗಳ ಹೆಸರು, ಸತ್ತವರು ಯಾರು ಇರುವವರು ಯಾರು, ಈ ಹಿಡಿಕೆಯ ಮುಂದೆ ನಿಂತಾಗ ಮಾತ್ರ ಎಲ್ಲ ಇದ್ದಲ್ಲೇ ಇದೆ ಅನಿಸುತ್ತೆ. ಚೌಕಟ್ಟಿಗೆ ಗಾಯವಾಗದಿರಲೆಂದು ಕ್ಲ್ಯಾಂಪ್ ಬಾಯಿಗೆ ಕೊಟ್ಟಿದ್ದ ಮರದ ರೀಪಿನ ತುಂಡು ಕೆಳಗೆ ಬಿದ್ದಿತ್ತು, ಅದರ ಮೇಲೆ ಪೆನ್ಸಿಲ್ ಅಕ್ಷರ, ಹೆಂಡತಿಯದು, ತಮ್ಮನನ್ನು ಕೇಳಿ ಕೇಳಿ ರಾತ್ರಿ ಬರೆದುಕೊಟ್ಟದ್ದು, ಗುಳಿ, ನಾಲಿಗೆ, ಗ್ರೂವ್, ಅಂಟಿಲ್ಲದೆ ಕೂಡಿಸಿ ನೋಡೋದು, ಹಲಗೆ, ಆಮೇಲೆ ಅಂಟು, ಮೇಸ್ತ್ರಿಗೇ ಪಾಠ ಹೇಳ್ತೀಯಾ ಎಂದು ರೇಗಿ ಬೋರಲು ಮಾಡಿ ಕ್ಲ್ಯಾಂಪಿಗೆ ಕೊಟ್ಟಿದ್ದ, ಈಗ ಅವಳ ಅಕ್ಷರದ ನಡುವೆ ಕಬ್ಬಿಣದ ಹಲ್ಲು ಊರಿದೆ. ಗಡಿಯಾರ ನೋಡಿದ, ಒಂದೂಮುಕ್ಕಾಲು, ಮೂಲೆಯಲ್ಲಿ ತೋಪಡ ಹಿಡಿದು ನುಣುಪು ಮಾಡಿಟ್ಟ ಮರ ಇದೆ, ಇನ್ನೊಂದು ಬಾಗಿಲಿಗೆ ಆಗುವಷ್ಟು, ನಾಲ್ಕರೊಳಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಈ ಖಾಲಿ ಚೌಕಟ್ಟನ್ನು ಹೊಟ್ಟಿನ ಚೀಲಗಳ ಹಿಂದೆ ತಳ್ಳು, ತಳ್ಳಿದ.

ಈ ಸಲ ಹಲಗೆಯನ್ನು ಗೋಡೆಯಿಂದ ತೆಗೆದು, ಧೂಳು ಒರೆಸಿ, ಎದುರು ಬೆಂಚಿನ ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ನಿಲ್ಲಿಸಿದ, ಇನ್ನೇನು ಹಲಗೆಯೇ ಬಂದು ನಾನಿದ್ದೀನಿ ಎಂದು ಕೂಗಬೇಕು ಅಷ್ಟೆ. ರೀಪನ್ನು ಮೆಶಿನ್ ಪಕ್ಕ ಇಟ್ಟುಕೊಂಡ, ಬೆರಳಿಟ್ಟು ಓದಿದ, ಗುಳಿ, ಉಳಿ ಇಳಿಯಿತು, ಪುಡಿ ಸುರುಳಿ ಸುರುಳಿಯಾಗಿ ಎದ್ದು ಬಂತು, ಹೊಸ ಮರದ ವಾಸನೆ, ಮಗಳು ಸಣ್ಣವಳಿದ್ದಾಗ ಆ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಮನೆಗೆ ಬರುತ್ತಿದ್ದಳು, ನಾಲಿಗೆ, ನಾಲ್ಕೂ ನಾಲಿಗೆ ಒಂದೇ ದಪ್ಪ, ಕೈ ಎಷ್ಟು ಚುರುಕಾಗಿದೆ ಇವತ್ತು, ಡಾಕ್ಟರು ಏನೋ ಬರೆದರಲ್ಲ, ಗಡಿಯಾರದ ಚಿತ್ರ ಬರೀರಿ ಅಂದರು, ಬರೆದ, ಮುಳ್ಳು ಹಾಕೋದು ಮರೆತ, ಅವರು ಹೆಂಡತಿಯ ಮುಖ ನೋಡಿದರು, ಹೆಂಡತಿ ನೆಲ ನೋಡಿದಳು, ಈ ನಾಲಿಗೆ ನೋಡಿ ಡಾಕ್ಟ್ರೇ, ಇದನ್ನು ಬರೀರಿ. ಗ್ರೂವ್ ಆಯಿತು. ಅಂಟಿಲ್ಲದೆ ಕೂಡಿಸಿದ, ಕೂತಿತು, ಬಿಚ್ಚಿದ, ಬೆರಳು ಮುಂದಿನ ಅಕ್ಷರಕ್ಕೆ ಬಂತು, ಫೋನ್ ಹೊಡೆದುಕೊಂಡಿತು, ರೀ, ಊಟ ಆಯ್ತಾ, ಆಯ್ತು, ಡಬ್ಬಿ ಕಿಟಕಿಯಲ್ಲಿ ಮುಚ್ಚಿದ ಹಾಗೇ ಇತ್ತು, ಗುಂಡ ಇದ್ದಾನಾ, ಇದ್ದಾನೆ, ಇಲ್ಲೇ ಇದ್ದಾನೆ, ಬರೆದುಕೊಟ್ಟಿದ್ದು ನೋಡ್ಕೊಂಡೇ ಮಾಡ್ತಿದ್ದೀರಾ ತಾನೆ, ಹೂಂ ಕಣೇ, ಎದುರಿಗೇ ಇಟ್ಕೊಂಡಿದ್ದೀನಿ, ಅವಳು ಫೋನ್ ಇಡಲಿಲ್ಲ, ಸಿಟ್ಟು ಮಾಡ್ಕೋಬೇಡಿ, ನಿಮಗೆ ಅವಮಾನ ಮಾಡೋಕೆ ಬರೆದಿದ್ದಲ್ಲ, ನೀವು ಅಲ್ಲಿಗೆ ಹೋಗೋದು ನಿಂತುಹೋದ್ರೆ ಏನಾಗ್ತೀರೋ ಅಂತ ನನಗೇ ಭಯ. ಇಲ್ಲ ಕಣೇ, ಚೆನ್ನಾಗಿ ಬಂದಿದೆ, ಸಾಯಂಕಾಲ ಗುಂಡನನ್ನೇ ಕೇಳು, ಇಟ್ಟ. ಎಲ್ಲಿದ್ದೆ, ಬೆರಳು ಎಲ್ಲಿತ್ತು, ಹಲಗೆ, ಹಲಗೆ ಆಯಿತಲ್ಲ, ಆಗಲೇ ಧೂಳು ಒರೆಸಿ ಇಟ್ಟೆನಲ್ಲ, ಆಮೇಲೆ ಅಂಟು, ಮೂರೂಕಾಲು, ಬೇಗ ಬೇಗ, ಗುಳಿಯೊಳಗೆ, ನಾಲಿಗೆಯ ಮಗ್ಗುಲಿಗೆ, ಬಡಿ, ಬಿಗಿ, ಅಳೆ, ಒರೆಸು, ಇಷ್ಟು ವರ್ಷದಲ್ಲಿ ಇಷ್ಟು ನಿಖರವಾಗಿ ಒಂದು ಚೌಕಟ್ಟು ಕೂಡಿದ್ದಿಲ್ಲ, ಅವಳಿಗೆ ಹೇಳಬೇಕು, ಕಿರುಬೆರಳಿಟ್ಟು ನೋಡು ಅನ್ನಬೇಕು.

ಅಂಟು ಹಿಡಿದ ಮೇಲೆ ಕ್ಲ್ಯಾಂಪ್ ಬಿಚ್ಚಿ ಬಾಗಿಲನ್ನು ಬೆಂಚಿನ ಮೇಲೆ ಎತ್ತಿ ನಿಲ್ಲಿಸಿದ, ಗುಂಡ ಬಂದ ಕೂಡಲೇ ಕಾಣಲಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ, ಬಾಗಿಲಿನೊಳಗಿಂದ ಎದುರು ಬೆಂಚು ಕಂಡಿತು. ಬೆಂಚಿನ ಮೇಲೆ ಹಲಗೆ. ಕಾಲು ತಾನಾಗಿ ಹಿಂದೆ ಸರಿಯಿತು, ಒಂದು ಹೆಜ್ಜೆ, ಹಲಗೆ ಚೌಕಟ್ಟಿನೊಳಗೆ ಸ್ವಲ್ಪ ದೊಡ್ಡದಾಯಿತು, ಇನ್ನೊಂದು ಹೆಜ್ಜೆ, ಮೇಲೆ ಒಂದು ಬೆರಳು ಸಂದಿ, ಬಲಕ್ಕೆ ಅರ್ಧ ಬೆರಳು, ಮಂಡಿ ಸ್ವಲ್ಪ ಬಗ್ಗಿಸಿದ, ಮರದ ನೇರ ನೋಡುವಾಗ ಮಾಡುವ ಹಾಗೆ ಎಡಗಣ್ಣು ಮುಚ್ಚಿದ, ಇನ್ನೂ ಸ್ವಲ್ಪ ಹಿಂದೆ, ಬೆನ್ನು ಗೋಡೆಗೆ ತಾಗಿತು, ಕೂತಿತು, ನಾಲ್ಕೂ ಅಂಚು ಕೂತಿತು, ನಾರು ಮೇಲಿನಿಂದ ಕೆಳಕ್ಕೆ ನೀರಿನ ಹಾಗೆ, ಎಲ್ಲೂ ಸಂದಿಲ್ಲ. ಹೊರಗೆ ಚಪ್ಪಲಿ ಬಿಟ್ಟ ಸದ್ದು, ಭಾವ, ಮುಗೀತಾ, ಆಮೇಲೆ ಹತ್ತಿರದಿಂದ ಮೆಲ್ಲಗೆ, ಭಾವ. ಶ್, ತಡಿಯೋ, ಅಲ್ಲಾಡಿಸಬೇಡ, ಅಲ್ಲಾಡಿದರೆ ಬಿಟ್ಟುಕೊಳ್ಳುತ್ತೆ, ಹೆಗಲ ಮೇಲೆ ಕೈ ಬಂದು ಕೂತಿತು, ಬೆಚ್ಚಗಿನ ದಪ್ಪ ಕೈ, ತಿರುಗಿ ನೋಡಲಿಲ್ಲ, ಉಸಿರು ಬಿಡಲಿಲ್ಲ, ಹಲಗೆ ಕೂತಿದೆ, ನೋಡು, ಕೂತಿದೆ, ಇಲ್ಲಿಂದ ಕೂತಿದೆ